ದಿಬ್ಬದ ಮಣ್ಣು

ಕುಷ್ಟಗಿಯ ಆ ಮನೆಯಲ್ಲಿ ಇದ್ದಷ್ಟು ದಿನ ನನ್ನ ಕೈಬೆರಳ ಉಗುರಿನಿಂದ ಮಣ್ಣು ಹೋಗಲೇ ಇಲ್ಲ. ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಸಿಸ್ಟರ್ ಮುಂದೆ ಉಗುರು ತೋರಿಸಿ ಬೆಳೆದವಳು ನಾನು. ಅವರು ಆಗ ನೋಡಿದ್ದರೆ ಏನೆನ್ನುತ್ತಿದ್ದರೋ!

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿನ್ನೂ ಇರಲಿಲ್ಲ. ನಮ್ಮವರು ಕಾಲೇಜಿನಲ್ಲಿ ಲೆಕ್ಚರರ್. ಬಾಡಿಗೆಗೆ ಸಿಕ್ಕಿದ್ದು ಊರಂಚಿನ ಹಳೆಯ ಮನೆ: ಸುತ್ತ ಮಣ್ಣಿನ ಗೋಡೆ, ಅಂಗಳದಲ್ಲಿ ಒಂದು ಬೇವಿನ ಗಿಡ, ಗಿಡದಾಚೆ ಮೊಣಕಾಲೆತ್ತರದ ಒಂದು ಮಣ್ಣಿನ ದಿಬ್ಬ. ಮಾಲೀಕರು ತಾವರಗೇರಾದವರು. ಕೀಲಿ ಕೊಡುವ ದಿನ ಬಚ್ಚಲು, ಒಲೆ, ನೀರಿನ ತೊಟ್ಟಿ ಎಲ್ಲ ತೋರಿಸಿ, ಹೊರಡುವಾಗ ಹೇಳಿದರು, “ಆ ದಿಬ್ಬ ಒಂದು ಮುಟ್ಟಬ್ಯಾಡ್ರಿ, ಅಕ್ಕಾರ.”

ಹೂಂ ಅಂದೆ. ಯಾಕೆ ಎಂದು ಕೇಳಲಿಲ್ಲ. ಯಾವುದೋ ದೇವರಿರಬೇಕು, ಅವರವರ ಬಿಲೀಫ್ ಅಂದುಕೊಂಡೆ.

ನಾಯಿಯನ್ನು ತಂದವರು ನಮ್ಮವರು. ಕನಕಗಿರಿಯ ಸಂತೆಗೆ ಹೋಗಿದ್ದಾಗ ಬಸ್ಸಿನ ಗಾಲಿಯ ಕೆಳಗೆ ಮಲಗಿದ್ದ ಕೆಂದ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಓಣಿಯವರು ‘ಕುನ್ನಿ’ ಅಂದರು, ನಾವೂ ಹಾಗೇ ಕರೆದೆವು. ಬೆಳೆದು ಮೊಣಕಾಲ ಮೇಲೆ ಬಂದರೂ ಅವನು ಕುನ್ನಿಯೇ ಆಗಿ ಉಳಿದ. ಪಾಪದ ಪ್ರಾಣಿ, ಆದರೆ ಒಂದು ಚಟ. ಗೋಡೆಯ ಬುಡ ಕೆದರಿ, ನುಸುಳಿ, ಓಣಿಗೆ ಹೋಗಬೇಕು. ಒಂದು ಸುತ್ತು ತಿರುಗಿ ತಾನೇ ಬಂದು ಬಾಗಿಲ ಮುಂದೆ ಕೂರುತ್ತಿದ್ದ. ಮೊದಮೊದಲು ನಾವು ನಕ್ಕು ಸುಮ್ಮನಾದೆವು.

ಆ ವರ್ಷ ಯುಗಾದಿ ಮುಗಿದು ಬಿಸಿಲು ಏರುವ ಹೊತ್ತಿಗೆ ಊರಲ್ಲಿ ಹುಚ್ಚುನಾಯಿಯ ಸುದ್ದಿ ಹಬ್ಬಿತು. ಮಗ್ಗುಲ ಓಣಿಯಲ್ಲಿ ಒಂದು ಕರುವಿಗೆ ಕಚ್ಚಿತ್ತು, ಕರು ಸತ್ತಿತ್ತು. ಆಗೆಲ್ಲ ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಮಕ್ಕಳಿದ್ದ ಮನೆಯವರು ನಿದ್ದೆಗೆಟ್ಟಿದ್ದರು, ಅವರದೇನೂ ತಪ್ಪಲ್ಲ. ಒಂದು ಬೆಳಿಗ್ಗೆ ಡಂಗುರ ಬಂತು.

“ಕೇಳ್ರಪ್ಪೋ ಕೇಳ್ರಿ! ಸಾಕಿದ ನಾಯಿ ಒಳಗ ಇಟ್ಕೊಳ್ರಿ! ಹೊರಗ ಕಂಡದ್ದನ್ನ ಬಡೀತಾರ! ಆಮ್ಯಾಲ ನಮ್ಮದಾಗಿತ್ತು, ನಿಮ್ಮದಾಗಿತ್ತು ಅಂತ ಅಳಬ್ಯಾಡ್ರಿ!”

ನಮ್ಮ ಬಾಗಿಲ ಮುಂದೆ ನಿಂತು, ಒಳಗೆ ಇಣುಕಿ, ಡಂಗುರದವನು ಎರಡು ಪೆಟ್ಟು ಜಾಸ್ತಿಯೇ ಬಾರಿಸಿದ. ಕುನ್ನಿಯ ಕೀರ್ತಿ ಅಲ್ಲಿಗೂ ಮುಟ್ಟಿತ್ತು.

“ಕಟ್ಟಿ ಹಾಕು,” ಅಂದರು ನಮ್ಮವರು. “ಹದಿನೈದು ದಿನದ ಮಾತು.”

ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಹಗ್ಗ ಜಗ್ಗಿ ಜಗ್ಗಿ ಕತ್ತಿನ ಚರ್ಮ ಸುಲಿದು ಕೆಂಪಗಾಗಿತ್ತು. ಅವನು ಬೊಗಳಲಿಲ್ಲ, ನನ್ನನ್ನೇ ನೋಡುತ್ತ ಕೂತಿದ್ದ. ನಮ್ಮ ಸಿಸ್ಟರ್ ಹೇಳುತ್ತಿದ್ದರು, ಪ್ರಾಣಿಯನ್ನು ಕಟ್ಟಿಹಾಕುವುದು ಅನ್‌ಕೈಂಡ್ ಎಂದು. ಹಗ್ಗ ಬಿಚ್ಚಿದೆ. ಸಂಜೆ ನಮ್ಮವರಿಗೆ ಪ್ರಾಮಿಸ್ ಮಾಡಿದೆ: ಇವನು ಗೋಡೆ ದಾಟದ ಹಾಗೆ ನಾನು ನೋಡಿಕೊಳ್ಳುತ್ತೇನೆ, ಆ ಜವಾಬ್ದಾರಿ ನನ್ನದು.

ಅಲ್ಲಿಂದ ಶುರುವಾಯಿತು ನನ್ನ ಕೆಲಸ. ಜಾಲಿಮುಳ್ಳು ತಂದು ಗೋಡೆಯ ಬುಡಕ್ಕೆ ಒತ್ತಿದೆ. ಅವನು ಮುಳ್ಳನ್ನು ಬಾಯಲ್ಲಿ ಹಿಡಿದೆಳೆದು ಬದಿಗಿಟ್ಟ. ಖಾರಪುಡಿ ಚೆಲ್ಲಿದೆ, ನಾವಿಬ್ಬರೂ ಸೀನಿದೆವು, ಅವನು ಎರಡು ಮಾರು ಆಚೆ ಹೋಗಿ ಕೆದರಿದ. ಉಳಿದದ್ದು ಒಂದೇ ದಾರಿ, ತೆಗೆದಷ್ಟೂ ಮುಚ್ಚಿ ಗಟ್ಟಿಯಾಗಿ ತುಳಿಯುವುದು. ಅದಕ್ಕೆ ಮಣ್ಣು ಬೇಕಲ್ಲ? ಅಂಗಳದ ನೆಲ ಕಲ್ಲಿನಂಥ ಗರಸು, ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ದಿಬ್ಬದ ಮಣ್ಣೋ, ಹಿಟ್ಟಿನ ಹಾಗೆ ಮೆತ್ತಗೆ.

ಒಂದು ಬುಟ್ಟಿಯಷ್ಟೇ ಎಂದು ತೆಗೆದೆ. ಮಾಲೀಕರ ಮಾತು ನೆನಪಾಯಿತು, ನಿಜ. ಆದರೆ ಅಷ್ಟು ದಿನದಲ್ಲಿ ಯಾರೂ ಅಲ್ಲಿ ಒಂದು ಊದುಬತ್ತಿ ಹಚ್ಚಿದ್ದು ಕಂಡಿರಲಿಲ್ಲ. ದೇವರಿದ್ದಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಬರುತ್ತಿದ್ದರು ಎಂದು ನನ್ನ ಲಾಜಿಕ್. ಮಾರನೆಯ ದಿನ ಎರಡು ಬುಟ್ಟಿ. ಆಮೇಲೆ ಎಣಿಸುವುದನ್ನೇ ಬಿಟ್ಟೆ. ನಾನು ಮಣ್ಣು ತುಳಿಯುವಾಗ ಕುನ್ನಿ ಬಂದು ಖಾಲಿ ಬುಟ್ಟಿಯಲ್ಲಿ ಮುದ್ದೆಯಾಗಿ ಕೂರುತ್ತಿದ್ದ. ಬುಟ್ಟಿ ಬೋರಲು ಹಾಕಿ ಅವನನ್ನು ಇಳಿಸಬೇಕು, ಮತ್ತೆ ಮಣ್ಣು ತುಂಬಬೇಕು. ದಿನವೂ ಇದೇ ಆಟ.

ಹತ್ತು ಹನ್ನೆರಡು ದಿನಕ್ಕೆ ದಿಬ್ಬ ಇಳಿದು, ತಳದಲ್ಲಿ ಒಂದು ಚಪ್ಪಟೆ ಬಂಡೆ ಕಾಣಿಸಿತು. ನನಗೆ ಖುಷಿಯೋ ಖುಷಿ. ಇದನ್ನು ಗೋಡೆಯ ಬುಡಕ್ಕೆ ನಿಲ್ಲಿಸಿದರೆ ಮುಗಿಯಿತಲ್ಲ! ಸಂಜೆ ನಮ್ಮವರು ಹಾರೆ ಹಾಕಿ ಮೀಟಿದರು. ಬಂಡೆ ಒಂದು ಗೇಣು ಸರಿದು ನಿಂತಿತು.

“ಆನಿ ಬೇಕು ಇದಕ್ಕ,” ಎಂದು ಬೆವರು ಒರೆಸಿಕೊಂಡು ಒಳಗೆ ಹೋದರು. ಸರಿದ ಸಂದಿಯ ಮೇಲೆ ಸಡಿಲ ಮಣ್ಣು ಕುಸಿದು ಕೂತಿತ್ತು. ನಾವಿಬ್ಬರೂ ಬಗ್ಗಿ ನೋಡಲಿಲ್ಲ.

ಮರುದಿನ ನಮ್ಮವರು ಕಾಲೇಜಿಗೆ ಹೋದ ಮೇಲೆ ರೊಟ್ಟಿ ಬಡಿದು ಹೊರಗೆ ಬಂದೆ. ಕುನ್ನಿ ಇಲ್ಲ.

ಗೋಡೆಯ ಸುತ್ತ ಒಂದೊಂದು ಹೆಜ್ಜೆಯಾಗಿ ನೋಡಿದೆ. ಎಲ್ಲೂ ತೆಗ್ಗಿಲ್ಲ. ಬಾಗಿಲ ಚಿಲಕ ಹಾಕಿತ್ತು. ಹಾಲಿನವಳು ಬಂದಾಗ ತೆರೆದಿದ್ದೆನಲ್ಲ, ಆಗಲೇ ನುಸುಳಿರಬೇಕು. ಅದೇ ಹೊತ್ತಿಗೆ ಓಣಿಯ ಆ ತುದಿಯಲ್ಲಿ ಗಂಡಸರ ಕೂಗು, “ಹೊಡಿ, ಹೊಡಿ, ಬಿಡಬ್ಯಾಡ!”

ಚಪ್ಪಲಿಯಿಲ್ಲದೆ ಓಡಿದೆ. ಜನ ಸುತ್ತುಗಟ್ಟಿದ್ದರು. ಅವರ ಕಾಲುಗಳ ನಡುವೆ ಕೆಂದ ಬಾಲವೊಂದು ಧೂಳಿನಲ್ಲಿ ಬಿದ್ದಿತ್ತು.

“ಬಾಯಾರ, ನೀವು ಬರಬ್ಯಾಡ್ರಿ, ನೋಡಬ್ಯಾಡ್ರಿ,” ಎಂದು ಬಡಿಗೆ ಹಿಡಿದವನೊಬ್ಬ ಅಡ್ಡ ನಿಂತ. ಅವನನ್ನು ತಳ್ಳಿ ನೋಡಿದೆ. ಹೆಣ್ಣುನಾಯಿ, ಕಿವಿ ಹರಿದದ್ದು. ನಮ್ಮದಲ್ಲ. ಥ್ಯಾಂಕ್ ಗಾಡ್ ಅಂತ ಬಾಯಲ್ಲಿ ಬಂದೇಬಿಟ್ಟಿತು. ಸತ್ತ ಜೀವದ ಮುಂದೆ ನಿಂತು ಹಾಗಂದೆನಲ್ಲ ಎಂಬ ನಾಚಿಕೆ ನನಗೆ ಇವತ್ತಿಗೂ ಇದೆ.

“ನಮ್ಮ ನಾಯಿ ಕಂಡರ ಹೊಡೀಬ್ಯಾಡ್ರಿ, ನಾ ಬರ್ತೀನಿ, ನನಗ ಹೇಳ್ರಿ,” ಅಂದೆ.

“ಒಳಗ ಇಟ್ಕೊಳ್ರಿ ಅಂತ ಹೇಳೀವಲ್ರಿ,” ಅಂದ ಅವನು. ಸಿಟ್ಟಿನಿಂದಲ್ಲ, ದಣಿವಿನಿಂದ.

ಬಸ್‌ಸ್ಟ್ಯಾಂಡಿನ ತನಕ ಹೋದೆ, ಹೊಲದ ದಾರಿ ನೋಡಿದೆ, ಕೂಗಿ ಕೂಗಿ ಗಂಟಲು ಒಣಗಿತು. ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದಾಗ ಎದುರು ಮನೆಯ ಆಯಿ ಬಂದಳು. ಎಪ್ಪತ್ತು ದಾಟಿದ ಒಕ್ಕಲಿಗಿತ್ತಿ, ನನ್ನ ಮೇಲೆ ಅಕ್ಕರೆ, ನನ್ನ ಇಂಗ್ಲಿಷಿನ ಮೇಲೆ ಚೇಷ್ಟೆ.

“ನಾಯಿಗೆ ಯಾಕ ಇಷ್ಟು ಅಳ್ತಿ, ತಂಗಿ? ಬರ್ತೈತಿ ತಗೋ,” ಎನ್ನುತ್ತ ಬೇವಿನ ನೆರಳಿಗೆ ಸರಿದವಳು ಹಾಗೇ ನಿಂತಳು. ಬಂಡೆಯನ್ನು ನೋಡಿದಳು. ನನ್ನನ್ನು ನೋಡಿದಳು.

“ಇದರ ಮ್ಯಾಲಿನ ಮಣ್ಣು ಎಲ್ಲಿ ಹೋತು?”

“ತೆಗ್ಗು ಮುಚ್ಚಾಕ ತಗೊಂಡೀನಿ.”

“ಅಯ್ಯ ನನ್ನ ಶಿವನ! ಹಗೇವಿನ ಬಾಯಾಗಿಂದು ತಗೊಂಡೀಯೇನ?”

ಆಗ ಕೇಳಿಸಿತು. ನೆಲದ ಅಡಿಯಿಂದ, ಬಹಳ ದೂರದಿಂದ ಬಂದಂತೆ, ಒಂದು ಕುಂಯ್.

ಹಗೇವು ಎಂದರೆ ಜೋಳ ಕೂಡಿಡುವ ನೆಲಮಾಳಿಗೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ, ಆಳ ಎರಡಾಳು. ಬಾಯಿಗೆ ಬಂಡೆ ಮುಚ್ಚಿ, ಮೇಲೆ ಮಣ್ಣು ಪೇರಿಸುತ್ತಾರೆ. ಆ ಸೀಮೆಯಲ್ಲಿ ಎಳೆಮಕ್ಕಳಿಗೂ ಗೊತ್ತಿದ್ದ ಸಂಗತಿ. ಅದಕ್ಕೇ ನನಗೆ ಯಾರೂ ಹೇಳಿರಲಿಲ್ಲ.

“ಇಂಗ್ಲಿಷ್ ಸಾಲಿಯಾಗ ಹಗೇವು ಕಲಿಸಲಿಲ್ಲೇನ?” ಅಂದಳು ಆಯಿ. ಆದರೆ ಅವಳ ದನಿಯಲ್ಲಿ ನಗೆ ಇರಲಿಲ್ಲ. ನಾನು ಸಂದಿಯ ಬಳಿ ಬೋರಲು ಬಿದ್ದು ಕೈ ಇಳಿಬಿಟ್ಟಾಗ ಹಿಂದಿನಿಂದ ಸೀರೆ ಹಿಡಿದು ಎಳೆದಳು. “ಮುಖಾ ಹಾಕಬ್ಯಾಡ! ಮುಚ್ಚಿದ ಹಗೇವಿನ್ಯಾಗ ಕೆಟ್ಟ ಗಾಳಿ ಇರ್ತೈತಿ. ನನ್ನ ಮೈದುನ ಇಳದಾಂವ ಮ್ಯಾಲೆ ಬರಲಿಲ್ಲ.”

ಆಯಿಯೇ ಯಾರನ್ನೋ ಕಾಲೇಜಿಗೆ ಓಡಿಸಿದಳು. ನಮ್ಮವರು ಸೈಕಲ್ ಬಿಸಾಕಿ ಒಳಗೆ ಬಂದರು. ಬಂಡೆಯನ್ನು ಮೀಟಿದರೆ ಅದು ನಾಯಿಯ ಮೇಲೇ ಬೀಳಬಹುದು. ಅದಕ್ಕೆ ಹಗ್ಗ ಸುತ್ತಿ ಮೂವರೂ ಅಡ್ಡಕ್ಕೆ ಜಗ್ಗಿದೆವು. ಸರಿಯಿತು. ಒಳಗಿನಿಂದ ಮುಗ್ಗಿದ ಹುಲ್ಲಿನ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು.

ಆಯಿ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. “ದೀಪ ಆರಿತಂದ್ರ ಯಾರೂ ಇಳಿಯೂದಿಲ್ಲ, ನೋಡ್ರಿ. ಈಗ ಹೇಳಿ ಬಿಟ್ಟೀನಿ.”

ಮೂವರೂ ದೀಪವನ್ನೇ ನೋಡಿದೆವು. ಅರ್ಧದವರೆಗೆ ಉರಿ ನೆಟ್ಟಗಿತ್ತು. ಆಮೇಲೆ ಕುಗ್ಗಿ, ಹಳದಿಯಾಗಿ, ಬತ್ತಿಯ ತುದಿಗೆ ಅಂಟಿಕೊಂಡಿತು. ಆ ಬೆಳಕಿನಲ್ಲಿ ತಳದಲ್ಲಿ ಎರಡು ಕಣ್ಣು ಮಿಂಚಿದವು. ಕುನ್ನಿ ಎದ್ದು ನಿಲ್ಲಲು ನೋಡಿದ, ಮತ್ತೆ ಮಲಗಿದ. ಕುಂಯ್ ಎನ್ನುವುದೂ ನಿಂತಿತ್ತು.

“ನಾ ಇಳೀತೀನಿ,” ಎಂದು ನಮ್ಮವರು ಸೊಂಟಕ್ಕೆ ಹಗ್ಗ ಸುತ್ತತೊಡಗಿದರು.

“ಬ್ಯಾಡ್ರಿ!” ನಾನು ಅವರ ತೋಳು ಹಿಡಿದೆ.

“ಎರಡು ನಿಮಿಷದ ಕೆಲಸ. ಉಸರು ಹಿಡಕೊಂಡು ಇಳದು ಎತ್ತಿಕೊಂಡು ಬರ್ತೀನಿ.”

“ದೀಪ ನೋಡಿದ್ರಿಲ್ಲೋ! ಬ್ಯಾಡ ಅಂದ್ರ ಬ್ಯಾಡ.” ಅವರ ಕೈಯಿಂದ ಹಗ್ಗ ಕಿತ್ತುಕೊಂಡೆ. ಹಾಗೆ ಕಿತ್ತುಕೊಳ್ಳುವಾಗ ಗೊತ್ತಿತ್ತು, ನಾನು ಕುನ್ನಿಯನ್ನು ಬಿಟ್ಟುಕೊಡುತ್ತಿದ್ದೇನೆ ಎಂದು. ಅವನನ್ನು ಅಲ್ಲಿಗೆ ಬೀಳಿಸಿದವಳೂ ನಾನೇ, ಬುಟ್ಟಿ ಬುಟ್ಟಿಯಾಗಿ.

ಬುಟ್ಟಿ. ಗೋಡೆಯ ಬಳಿ ನಿನ್ನೆ ಬಿಟ್ಟಲ್ಲೇ ಬಿದ್ದಿತ್ತು. ಓಡಿ ತಂದೆ. ನಾಲ್ಕು ಕಡೆ ಹಗ್ಗ ಬಿಗಿದು ಇಳಿಬಿಟ್ಟೆವು. ಕಂದೀಲಿನ ಪಕ್ಕದಲ್ಲಿ ಅದು ನೆಲ ಮುಟ್ಟಿತು. ಕುನ್ನಿ ಅಲುಗಲಿಲ್ಲ.

“ಕರಿ, ತಂಗಿ. ನಿನ್ನ ಧ್ವನಿ ಗೊತ್ತೈತಿ ಅದಕ್ಕ,” ಅಂದಳು ಆಯಿ.

ಏನೆಂದು ಕರೆಯಲಿ? ಬುಟ್ಟಿಯಲ್ಲಿ ಕೂತಾಗಲೆಲ್ಲ ನಾನು ಅವನಿಗೆ ಹೇಳುತ್ತಿದ್ದದ್ದು ಬೈಗುಳ. ಅದನ್ನೇ ಹೇಳಿದೆ. “ಏ ಕುನ್ನಿ! ಇಳಿಯೋ ಬುಟ್ಟಿಯಿಂದ! ನನಗ ಮಣ್ಣು ತುಂಬಬೇಕು, ಇಳಿ! ಗೆಟ್ ಡೌನ್, ಯು ಸಿಲ್ಲಿ ಫೆಲೋ!” ಅಳುತ್ತ, ಮತ್ತೆ ಮತ್ತೆ ಅದನ್ನೇ.

ತಳದಲ್ಲಿ ಏನೋ ಸರಿಯಿತು. ಮುಂಗಾಲು ಎಳೆದ. ಬುಟ್ಟಿಯ ಅಂಚಿಗೆ ಗದ್ದ ಇಟ್ಟ. ಆಮೇಲೆ ದಿನವೂ ಹತ್ತುವ ಹಾಗೆಯೇ, ಆದರೆ ಎಷ್ಟೋ ನಿಧಾನವಾಗಿ, ಒಳಗೆ ಬಂದು ಮುದ್ದೆಯಾದ. ಅದೇ ಗಳಿಗೆಗೆ ಕಂದೀಲು ಆರಿತು.

“ಜಗ್ಗ್ರಿ!” ಅಂದಳು ಆಯಿ. ಕತ್ತಲಿನಿಂದ ಭಾರ ಗೇಣು ಗೇಣಾಗಿ ಮೇಲೆ ಬಂತು.

ಮೂಗು, ಕಣ್ಣು, ಎಲ್ಲ ಬೂದಿಬಣ್ಣದ ಧೂಳು. ತೊಟ್ಟಿಯ ನೀರು ಮುಖಕ್ಕೆ ಸೋಕಿದ್ದೇ ನಾಲ್ಕು ಸಲ ಸೀನಿ ನನ್ನ ಸೆರಗಿಗೆ ಒರೆಸಿದ.

“ಬದುಕಿತು,” ಎಂದಳು ಆಯಿ. “ಇನ್ನ ನಮ್ಮ ಕಂದೀಲು ತಕ್ಕೊಡು.”

ಮುಂದಿನ ವಾರ ತಾವರಗೇರಾದಿಂದ ಮಾಲೀಕರು ಬಂದರು. ಗಾಡಿಗಟ್ಟಲೆ ಗರಸು ಹಾಕಿಸಿ ಹಗೇವು ತುಂಬಿಸಿದರು. “ಹೇಳಿದ್ನಲ್ರೀ ಅಕ್ಕಾರ, ದಿಬ್ಬ ಮುಟ್ಟಬ್ಯಾಡ್ರಿ ಅಂತ.”

“ಯಾಕ ಅಂತ ಹೇಳಲಿಲ್ಲ ನೀವು.”

“ನೀವು ಕೇಳಲಿಲ್ರಲ್ಲ,” ಅಂದರು ಅವರು. ಅದೂ ಸರಿಯೇ.

ಹುಚ್ಚುನಾಯಿಯ ಹೆದರಿಕೆ ಇನ್ನೂ ಒಂದು ತಿಂಗಳು ಇತ್ತು. ಅಷ್ಟು ದಿನ ಬೆಳಿಗ್ಗೆ ಸಂಜೆ ನಾನೇ ಹಗ್ಗ ಹಿಡಿದು ಅವನನ್ನು ಓಣಿಯಲ್ಲಿ ಸುತ್ತಿಸಿ ತಂದೆ. ಹಗ್ಗದ ಒಂದು ತುದಿಯಲ್ಲಿ ನಾನಿದ್ದರೆ ಅವನು ಕುತ್ತಿಗೆ ಜಗ್ಗುತ್ತಿರಲಿಲ್ಲ. ಹೆಂಗಸೊಬ್ಬಳು ನಾಯಿ ಕಟ್ಟಿಕೊಂಡು ವಾಕಿಂಗ್ ಹೋಗುವುದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಬಡಿಗೆಯವನೇ ಕೇಳಿದ, “ಬಾಯಾರ, ನಾಯಿ ನಿಮ್ಮನ್ನ ಎಲ್ಲಿಗೆ ಕರಕೊಂಡು ಹೊಂಟೈತ್ರಿ?”

“ಅದನ್ನೇ ಕೇಳ್ರಿ,” ಅಂದೆ. ಅವನು ನಕ್ಕ, ಬಡಿಗೆಯನ್ನು ಬೆನ್ನ ಹಿಂದೆ ಹಿಡಿದ.

ಇಷ್ಟೆಲ್ಲ ಆದ ಮೇಲೂ ಕುನ್ನಿ ಕೆದರುವುದು ಬಿಡಲಿಲ್ಲ. ಬೇವಿನ ಗಿಡದಾಚೆಗೆ ಮಾತ್ರ ಕಾಲಿಡುತ್ತಿರಲಿಲ್ಲ, ದೂರದಿಂದ ಬಳಸಿ ಹೋಗುತ್ತಿದ್ದ. ಬೆಳಿಗ್ಗೆ ಎದ್ದು ಗೋಡೆಯ ಬುಡದಲ್ಲಿ ಹೊಸ ತೆಗ್ಗು ಕಂಡರೆ ನಾನು ಬೈಯುತ್ತಿದ್ದೆ, ಬುಟ್ಟಿ ಎತ್ತುತ್ತಿದ್ದೆ, ಮಣ್ಣಿಗಾಗಿ ಹೊಲದ ತನಕ ನಡೆಯುತ್ತಿದ್ದೆ. ತೆಗ್ಗು ಕಾಣದ ದಿನ ಮಾತ್ರ ಚಹಾ ಕುಡಿಯುವ ಮೊದಲು ಅಂಗಳಕ್ಕೆ ಓಡಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದೆ.