ಕಬ್ಬಿನಮ್ಮನ ಈರುಳ್ಳಿ

ಇವತ್ತು ಬೆಳಿಗ್ಗೆ ಬಿಸಿಯೂಟಕ್ಕೆಂದು ಈರುಳ್ಳಿ ಸುರಿದಾಗ, ಗುಂಡ್ಲುಪೇಟೆಯಿಂದ ಬಂದ ಚೀಲದ ತಳದಲ್ಲಿ ಬೇರು ಬಿಟ್ಟ ಗೆಡ್ಡೆಯೊಂದು ಸಿಕ್ಕಿತು. ಆ ಹಸಿ ಘಾಟು ಮೂಗಿಗೆ ಹತ್ತಿದ್ದೇ ತಡ, ನಮ್ಮ ವಿಜ್ಞಾನದ ಮಿಸ್ ನೆನಪಾದರು. ಒಂಬತ್ತನೇ ತರಗತಿಯಲ್ಲಿ ನಾನು ಇದೇ ಶಾಲೆಯಲ್ಲಿ ಓದುತ್ತಿದ್ದೆ. ಈಗ ಇದರ ಅಡುಗೆಮನೆಯಲ್ಲಿದ್ದೇನೆ. ನಡುವೆ ಇರುವುದು ಒಂದು ಗೋಡೆ ಅಷ್ಟೆ.

ಮಿಸ್ ಪಾಠವನ್ನು ಬಾಯಲ್ಲಿ ಹೇಳಿ ಬಿಡುತ್ತಿರಲಿಲ್ಲ, ನಮ್ಮ ಕೈಗೇ ಕೊಡುತ್ತಿದ್ದರು. ಕಬ್ಬಿನ ಜೀವಕೋಶದೊಳಗೆ ಇಣುಕಿ, ನಮ್ಮ ಕಬ್ಬಿಗೆ ಸಿಹಿ ಕೂಡಿಸಲು ದುಡಿದ ವಿಜ್ಞಾನಿಯೊಬ್ಬರ ಕಥೆ ಹೇಳಿದ್ದರು. ಬಂಡೀಪುರದ ಕಾಡು ದಾಟಿದರೆ ಸಿಗುವ ಕೇರಳದ ಹೆಂಗಸು. ಗೊತ್ತಾಗಿದ್ದ ಮದುವೆ ಬಿಟ್ಟು ಓದಲು ಹೊರಟವರು. ಅವರ ಉದ್ದನೆಯ ಹೆಸರಿಗೆ ನಮ್ಮ ನಾಲಿಗೆ ಹೊರಳದೆ 'ಕಬ್ಬಿನಮ್ಮ' ಎಂದು ಕರೆದೆವು. ಮಿಸ್ ನಕ್ಕು ಒಪ್ಪಿಕೊಂಡರು. ಜೀವಕೋಶ ಬೆಳೆಯುವುದನ್ನು ಅವರಂತೆ ನಾವೂ ನೋಡಲೆಂದು ಒಬ್ಬೊಬ್ಬರಿಗೂ ಒಂದು ಲೋಟ ನೀರು, ಅದರ ಬಾಯಿಗೆ ಒಂದು ಈರುಳ್ಳಿ ಕೊಟ್ಟರು. ಏಳು ದಿನ ಬೇರು ಅಳೆದು ಬರೆದವರಿಗೆ ಚಾಮರಾಜನಗರದ ವಸ್ತುಪ್ರದರ್ಶನಕ್ಕೆ ಹೋಗುವ ಅವಕಾಶ.

ಮಾರನೇ ದಿನವೇ ನಾನು ದೊಡ್ಡವಳಾದೆ. ಸೋದರಮಾವ ಮನೆ ಮುಂದೆ ಹಸಿ ಗರಿಯ ಗುಡ್ಲು ಹಾಕಿ ನನ್ನನ್ನು ಒಳಗೆ ಕೂರಿಸಿದ. ಹೊರಗೆ ಕಾಲಿಡುವಂತಿಲ್ಲ, ಒಳಗೆ ಯಾರೂ ಬರುವಂತಿಲ್ಲ.

ಸಂಜೆ ಮಿಸ್ ನನ್ನ ಲೋಟ, ನೋಟ್‌ಬುಕ್ಕು ಹಿಡಿದು ಬಂದರು. "ಕಬ್ಬಿನಮ್ಮನ ಕೆಲಸ ನಿಲ್ಲಿಸಬಾರದು, ಏಳನೇ ದಿನ ಬರೆದದ್ದು ತಗೊಂಡು ಸ್ಕೂಲಿಗೆ ಬಾ" ಎಂದರು. ಅಷ್ಟು ಕೇಳಿದ್ದೇ ನಮ್ಮವ್ವ, ಅಪ್ಪನ ತಾಯಿ, ಲೋಟ ಕಸಿದುಕೊಂಡಳು.

"ಅಯ್ಯೋ ಮಿಸ್ಸಮ್ಮ, ದೇವ್ರ ಸಾಮಾನ ಮೈಲ್ಗೆ ಗುಡ್ಲೊಳಕ್ಕೆ ಕೊಟ್ಟೀರಾ?"

ಲೋಟ ದೇವರ ಗೂಡು ಸೇರಿತು, ನೋಟ್‌ಬುಕ್ಕು ನನ್ನ ಕೈ ಸೇರಿತು. ಈರುಳ್ಳಿಗೆ ಕುಂಕುಮವೂ ಬಿತ್ತು. ಕಬ್ಬಿನಮ್ಮ ದೇವರಲ್ಲ ಎಂದು ಮಿಸ್ ಹೇಳಿದ್ದರೆ ಅದು ತಿಪ್ಪೆ ಸೇರುತ್ತಿತ್ತು. ದಿನವೂ ಅವ್ವ ಮಿಂದು, ಕೈಮುಗಿದು, ಬೇರಿಗೆ ಬೆರಳಿಟ್ಟು ಹೊಸಿಲಿಂದ ಕೂಗುತ್ತಿದ್ದಳು: "ಒಂದು ಬೆಳ್ಳು ಬಂದದೆ ಕಣಮ್ಮಿ!" ನಾನು ಗುಡ್ಲೊಳಗೆ ಬರೆದುಕೊಳ್ಳುತ್ತಿದ್ದೆ. ಸೆರೆಯಲ್ಲಿದ್ದ ನನಗೆ ದಿನಕ್ಕೆ ಅದೊಂದೇ ಸುದ್ದಿ.

ಏಳನೇ ದಿನ ನನಗೆ ನೀರು ಹಾಕಲು ಹಿತ್ತಲಿಗೆ ಕರೆದೊಯ್ದರು. ಬರುವಷ್ಟರಲ್ಲಿ ವಾಡಿಕೆಯಂತೆ ಗುಡ್ಲಿಗೆ ಬೆಂಕಿ ಇಟ್ಟಾಗಿತ್ತು. ಒಳಗಿದ್ದದ್ದೆಲ್ಲ ಮೈಲಿಗೆ. ಚಾಪೆಯ ಜೊತೆ ನೋಟ್‌ಬುಕ್ಕೂ ಉರಿಯುತ್ತಿತ್ತು. ಅದರ ಮುಂದೆ ಮಿಸ್ ನಿಂತಿದ್ದರು.

"ನೋಟ್‌ಬುಕ್ ಹೋದರೆ ಹೋಗಲಿ. ಇವಳನ್ನು ಸ್ಕೂಲಿಗೆ ಕಳಿಸಿ" ಎಂದು ಅಪ್ಪನನ್ನು ಕೇಳಿದರು.

"ಸಾಕು ಬುಡಿ ಮಿಸ್ಸು. ಅವಳ ಮಾವಂಗೇ ಕೊಡದು ಅಂತ ಮಾತಾಗದೆ."

ಅವ್ವ ಗೂಡಿನ ಕಡೆ ಕೈಮುಗಿದಳು. "ನೋಡ್ದಾ, ಕಬ್ಬಿನಮ್ಮ ಗಂಡು ಕೊಟ್ಬುಟ್ಲು ಕಣಮ್ಮಿ!"

ಮಿಸ್ ನನ್ನ ಮುಖ ನೋಡಿದರು. ನಾನು ಓದುತ್ತೇನೆ ಅನ್ನಬೇಕಿತ್ತು. ಅನ್ನಲಿಲ್ಲ. ಆ ಸಿಟ್ಟು ಇವತ್ತಿಗೂ ನನ್ನ ಮೇಲೆಯೇ ಇದೆ.

ಮುಂದೆ ಅವರಿಗೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರಂತೆ... ಶಾಲೆಯವರು ಮಾತಾಡಿಕೊಳ್ಳುವುದು ಗೋಡೆಯಾಚೆಯಿಂದ ಕೇಳಿಸಿತು.

ಇವತ್ತು ಬೆಳಿಗ್ಗೆ ಚೀಲದಲ್ಲಿ ಸಿಕ್ಕ ಗೆಡ್ಡೆಯ ಬೇರಿಗೆ ಬೆರಳಿಟ್ಟು ನೋಡಿದೆ. ಎರಡು ಬೆರಳು. ಗೋಡೆಯಾಚೆ ವಿಜ್ಞಾನದ ಪಾಠ ಶುರುವಾಗಿತ್ತು. ಬೇರು ಕತ್ತರಿಸಿ, ಗೆಡ್ಡೆ ಹೆಚ್ಚಿ ಸಾರಿಗೆ ಹಾಕಿದೆ.