ನಾನು ಬರೆದ ಅರ್ಜಿ ಪುಟ

ತೊಂಬತ್ತರ ದಶಕದ ಕೊನೆಗೆ ನಾನು ಜೇವರ್ಗಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗುಲ್ಬರ್ಗಾದ ಕಾಲೇಜುಗಳಿಗೆ ಇಂಟರ್ನೆಟ್ಟಿನಲ್ಲಿ ಅರ್ಜಿ ಕಳಿಸಿಕೊಡುವುದು ನಮ್ಮ ಹೊಸ ದಂಧೆ. ಅದಕ್ಕೆ ಬೇಕಾದ ವೆಬ್ ಪುಟವನ್ನು ನಾನೇ ಬರೆದಿದ್ದೆ. ತೊಂದರೆ ಒಂದೇ. ಗುಂಡಿ ಒತ್ತಿದರೆ, ಟೆಲಿಫೋನ್ ಲೈನ್ ಸಿಕ್ಕು ಅರ್ಜಿ ಹೋಗುವವರೆಗೆ ಪುಟ ಅಲ್ಲಾಡುತ್ತಿರಲಿಲ್ಲ. ಅಷ್ಟರಲ್ಲಿ ಹತ್ತು ಜನ ಸಾಲುಗಟ್ಟಿ ನನ್ನ ತಲೆ ತಿನ್ನುತ್ತಿದ್ದರು.

ಎರಡು ವಾರ ಕೂತು ಅದನ್ನು ಬದಲಿಸಿದೆ. ಈಗ ಗುಂಡಿ ಒತ್ತಿದ ಕೂಡಲೇ ‘ನಿಮ್ಮ ಅರ್ಜಿ ಸೇರಿದೆ’ ಎಂದು ಬರುತ್ತಿತ್ತು. ಕಳಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಮು ಹಿನ್ನೆಲೆಯಲ್ಲಿ, ಲೈನ್ ಸಿಕ್ಕಾಗ, ತನ್ನ ಪಾಡಿಗೆ ಮಾಡಿಕೊಳ್ಳುತ್ತಿತ್ತು. ಸಾಲು ಮಾಯವಾಯಿತು. ಮಾಲೀಕರು "ಶಾಬಾಸಲೇ!" ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರ್ಜಿ ಹೋಗದೆ ಉಳಿದರೆ ನಮಗೆ ತಿಳಿಸುವ ನಾಲ್ಕು ಸಾಲು ಪ್ರೋಗ್ರಾಮನ್ನು ಮಾತ್ರ ಬರೆದಿರಲಿಲ್ಲ. ಹೊಳೆದಿರಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು, ಸೋಮಾರಿತನ ಮಾಡಿದೆ.

ನೆಲೋಗಿಯ ಹೆಂಗಸೊಬ್ಬಳು ಮಗಳ ನರ್ಸಿಂಗ್ ಅರ್ಜಿ ತುಂಬಿಸಿ ಹೋದಳು. ಕೊನೆಯ ದಿನಕ್ಕೆ ಇನ್ನೂ ನಾಲ್ಕು ದಿನ ಇತ್ತು. ಮರುದಿನವೇ ಬಸ್ಸಿಳಿದು ಮತ್ತೆ ಬಂದಳು.

"ಮುಟ್ಟ್ಯಾದೇನೋ ತಮ್ಮಾ?"

"ಸೇರ್ಯಾದಂತ ನಿನ್ನೆನೇ ಬಂದದಲ್ಲಕ್ಕಾ, ಇನ್ನೇನ್ ಬೇಕ್ರಿ? ಸುಮ್ಮ ಊರಿಗಿ ಹೋಗ್ರಿ."

ಮೂರನೆಯ ದಿನವೂ ಬಂದಾಗ ರೇಗಿಬಿಟ್ಟೆ. ಒಳಗಿನ ಪ್ರೋಗ್ರಾಮು ತೆರೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ.

ಗಡುವು ಮುಗಿದ ಮೇಲೆ, ಅರ್ಜಿಯೇ ಬಂದಿಲ್ಲವೆಂದು ಕಾಲೇಜಿನವರು ಹೇಳಿದರಂತೆ. ತಾಯಿ ಮಗಳು ಇಬ್ಬರೂ ಅಂಗಡಿಗೆ ಬಂದರು. ಆಗ ತೆರೆದು ನೋಡಿದೆ. ಅವರ ಅರ್ಜಿ ಹೋಗುವಾಗ ಲೈನ್ ಕಡಿದಿತ್ತು. ಪ್ರೋಗ್ರಾಮು ಅದನ್ನು ಅಲ್ಲೇ ಬಿಟ್ಟು ಮುಂದಿನ ಅರ್ಜಿಗೆ ಹೋಗಿತ್ತು.

"ಏನಾತಲೇ?" ಎಂದು ಮಾಲೀಕರು ಕೇಳಿದರು.

ಕೆಲಸ ಹೋದೀತೆಂಬ ಭಯಕ್ಕೆ, "ಇವ್ರು ತಡಾ ಮಾಡಿ ಕೊಟ್ಟಾರ್ರಿ" ಎಂದುಬಿಟ್ಟೆ.

ತಾಯಿ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ನಿಂತಿದ್ದರೆ ನನಗೆ ಇವತ್ತಿಗೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಆಕೆ ಕಂಪ್ಯೂಟರಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳ ತೋಳು ಹಿಡಿದು ಮೆಲ್ಲಗೆ ಹೇಳಿದಳು: "ನಂದೇ ತಪ್ಪವ್ವ. ಕಳೆ ತೆಗಿಯೂದು ಬಿಟ್ಟು ಎರಡ್ ದಿನ ಮೊದಲೇ ಬರಬೇಕಾಗಿತ್ತು."

ಮಗಳು ತಾಯಿಯ ಕೈ ಕೊಸರಿಕೊಂಡು ಹೊರಗೆ ನಡೆದಳು. ನಾನು ಪರದೆಯ ಮೇಲೆ ತೆರೆದಿದ್ದ ಅವರ ಅರ್ಜಿಯನ್ನು ಮುಚ್ಚಿಬಿಟ್ಟೆ.