ಕೊನೆಯ ಮಾತು ಗಿರಾಕಿಯದು

ಬಟ್ಟೆ ಒಗೆದುಕೊಡುವ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತೇ ತಲೆ ನರೆತವಳು ನಮ್ಮ ದೊಡ್ಡಮ್ಮ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳೇ. ಈಗ ಇರುವುದೂ ನಮ್ಮ ಜೊತೆಗೇ. ನಾನು ಕಚೇರಿಗೆ ಹೋದಾಗ ನನ್ನ ಮಗಳು ಪುಟ್ಟಿಯನ್ನು ಅಂಗಡಿಗೆ ಕರೆದೊಯ್ದು ನೋಡಿಕೊಳ್ಳುತ್ತಾಳೆ. ತೂಗುಹಾಕಿದ ಕೋಟುಗಳ ಕೆಳಗೆ, ಮಡಿಸಿದ ಕಂಬಳಿಯ ಮೇಲೆ ಮಗು ಆಡಿಕೊಂಡಿರುತ್ತದೆ. ಬಿದ್ದ ಪಿನ್ನು, ಕಿತ್ತುಬಂದ ಗುಂಡಿ, ಯಾವುದನ್ನು ಬಾಯಿಗೆ ಹಾಕಿಕೊಂಡೀತೋ ಎಂದು ನಾನು ಕೂತಲ್ಲೇ ಒದ್ದಾಡುತ್ತಿದ್ದೆ. ಮಗು ಮಾತನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಗಿರಾಕಿ ಎಷ್ಟೇ ಕೂಗಾಡಲಿ, ದೊಡ್ಡಮ್ಮ ಎದುರಾಡಳು. ಅವರು ಮುಗಿಸುವವರೆಗೆ ಕಾದು, ಅವರ ಕೊನೆಯ ಪದವೊಂದನ್ನು ಎತ್ತಿಕೊಂಡು, ಮೆಲ್ಲಗೆ ತಿರುಗಿ ಕೇಳುತ್ತಾಳೆ.

"ಸ್ವೆಟರ್ ಕೊಟ್ಟಿದ್ದೆ, ಕಾಲುಚೀಲ ಮಾಡಿ ಕೊಟ್ಟಿದೀರಲ್ಲ, ನಾಚಿಕೆ ಆಗಲ್ವಾ?"

"ಆಗಲ್ವಾ? ಹೂಂ. ಇನ್ನೇನಾದ್ರೂ ಇದೆಯಾ, ಅಮ್ಮ?"

ತಮ್ಮದೇ ಪದ ಬೇರೆಯವರ ಬಾಯಲ್ಲಿ ಕೇಳಿದೊಡನೆ ಅರ್ಧ ಜನ ತಣ್ಣಗಾಗುತ್ತಾರೆ. "ಕೊನೆ ಮಾತು ಗಿರಾಕಿದೇ ಆಗಿರ್ಬೇಕು ಕಣೇ, ಆದ್ರೆ ಅದನ್ನ ಹೇಳೋದು ನಾನಾಗಿರ್ಬೇಕು" ಎನ್ನುತ್ತಿದ್ದಳು. "ಕೆಲವರು ಕೊಳೆ ಬಟ್ಟೇಲಿ ತರ್ತಾರೆ, ಕೆಲವರು ಬಾಯಲ್ಲಿ. ಬಟ್ಟೇದು ಬಿಡ್ಸಿದ್ರೆ ಬಿಡುತ್ತೆ."

ಬಾಯಿಯದು ಎಲ್ಲಿ ಹೋಗುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಸಂಜೆ ಅವಳು ಪಾತ್ರೆ ತೊಳೆಯುವಾಗ ಅಡುಗೆಮನೆಯಲ್ಲಿ ಅವಳ ಬಾಯಿಂದ ಬೇರೆ ಬೇರೆ ಜನ ಮಾತಾಡುತ್ತಿದ್ದರು. ಒಬ್ಬ ಹೆಂಗಸು ಮೂಗಿನಲ್ಲಿ "ಆಗಲ್ವಾ" ಎನ್ನುವಳು. ಒಬ್ಬ ಹುಡುಗ "ದಂಡ, ದಂಡ" ಎನ್ನುವನು. ಕೊನೆಗೆ ಉಂಗುರದ ಯಜಮಾನರು ಬರುವರು. ಅವರು ಬಾಗಿಲಿನ ಗಾಜಿಗೆ ಉಂಗುರ ಬಡಿದು, ಗಂಟಲು ಕೆರೆದು, "ಒಳಗೆ ಯಾರಾದ್ರೂ ಬದುಕಿದ್ದೀರಾ?" ಎಂದೇ ಅಂಗಡಿಯೊಳಗೆ ಕಾಲಿಡುತ್ತಿದ್ದ ಗಿರಾಕಿ. "ಬದುಕಿದ್ದೀನಿ ಯಜಮಾನ್ರೇ, ಬನ್ನಿ" ಎನ್ನುವುದು ದೊಡ್ಡಮ್ಮನ ಉತ್ತರ. ಅವರು ತೀರಿಕೊಂಡು ವರ್ಷಗಳಾದವು. ಒಯ್ಯಲು ಯಾರೂ ಬಾರದೆ ಅವರ ಕಪ್ಪು ಕೋಟು ಇನ್ನೂ ಅಂಗಡಿಯಲ್ಲೇ ತೂಗುತ್ತಿದೆ. ದೊಡ್ಡಮ್ಮನಿಗೆ ತಾನು ಹೀಗೆ ಮಾತಾಡುವುದು ಗೊತ್ತೇ ಇಲ್ಲ. ಕೇಳಿದರೆ, "ನಾನಾ? ನಲ್ಲಿ ಸದ್ದು ಇರ್ಬೇಕು ಬಿಡೇ" ಎನ್ನುತ್ತಾಳೆ.

ಪುಟ್ಟಿ ಮಾತು ಕಲಿಯುತ್ತಿದ್ದಾಳೆ. ಎಲ್ಲ ಮಕ್ಕಳಂತೆ ನಾವು ಆಡಿದ್ದರ ಕೊನೆಯ ಪದವನ್ನು ಹಿಡಿದು ಹೇಳುತ್ತಾಳೆ. ಮೊನ್ನೆ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಹಿಂದಿನಿಂದ ಬೀರುವಿಗೆ ಚಮಚ ಬಡಿದ ಸದ್ದು, ಆಮೇಲೆ ಪುಟ್ಟ ಗಂಟಲೊಂದು ಕೆರೆದುಕೊಂಡ ಸದ್ದು. "ಬದುಕಿದ್ದೀರಾ?"

ಬಾಚಣಿಗೆ ಕೈತಪ್ಪಿತು. ಯಜಮಾನರು ತೀರಿಕೊಂಡಾಗ ಪುಟ್ಟಿ ಹುಟ್ಟಿರಲೇ ಇಲ್ಲ. ದೊಡ್ಡಮ್ಮನಿಂದಲೇ ಬಂದದ್ದು ಎಂದು ಬುದ್ಧಿಗೆ ಗೊತ್ತು. ಆದರೂ ಆ ಕೋಟಿನ ಕೆಳಗೇ ಅಲ್ಲವೇ ನನ್ನ ಮಗು ದಿನವಿಡೀ ಕೂರುವುದು?

ಅಂದು ಕಚೇರಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನವೇ ಅಂಗಡಿಗೆ ಹೋದೆ. ಕಿಟಕಿಯ ಪರದೆ ಬಣ್ಣಗೆಟ್ಟಿತೆಂದು ಒಬ್ಬಾಕೆ ಅದನ್ನು ಕೌಂಟರಿನ ಮೇಲೆ ಎಸೆದು ನಿಂತಿದ್ದಳು.

"ನಿಮ್ಮಂಥೋರು ಕೈಯಿಟ್ಟಿದ್ದೆಲ್ಲ ಹಾಳು."

"ಹಾಳು?" ಎಂದಳು ದೊಡ್ಡಮ್ಮ.

ಕೋಟುಗಳ ಕೆಳಗಿನಿಂದ ಪುಟ್ಟಿ, ಅದೇ ಮೆಲುದನಿಯಲ್ಲಿ, "ಹಾಳು?" ಎಂದಳು.

ಆಕೆ ಬಗ್ಗಿ ನೋಡಿದಳು. ಮುಖ ಬಿಳಿಚಿತು. ಪರದೆಯನ್ನು ಅಲ್ಲೇ ಬಿಟ್ಟು ಹೊರಟೇಹೋದಳು.

ದೊಡ್ಡಮ್ಮ ನಕ್ಕಳು. "ನೋಡ್ದ್ಯಾ? ನನಗಿಂತ ಬೇಗ ಓಡಿಸ್ತಾಳೆ ನಿನ್ನ ಮಗಳು. ಸಂಬಳ ಕೊಡ್ಸೋಣ."

"ಇದು ನಗೋ ವಿಷ್ಯನಾ ದೊಡ್ಡಮ್ಮ? ಊರೋರ ಹೊಲಸೆಲ್ಲ ನನ್ನ ಮಗು ಬಾಯಲ್ಲಿ ಬರ್ತಿದೆ. ಸತ್ತೋರ ಮಾತೂ ಬರ್ತಿದೆ. ನಾಳೆಯಿಂದ ಇವಳನ್ನ ಕಳ್ಸಲ್ಲ. ಯಾರಾದ್ರೂ ಸಿಗ್ತಾರೆ. ನೀನಂತೂ ಬೇಡ."

ದೊಡ್ಡಮ್ಮ ನನ್ನನ್ನು ನೋಡಿದಳು. ಮನೆಯಲ್ಲಿ ನೋಡುವ ಹಾಗಲ್ಲ. ಎರಡೂ ಕೈ ಕೌಂಟರಿನ ಮೇಲೆ ಬಂದವು.

"ಬೇಡ?" ಎಂದಳು ಮೆಲ್ಲಗೆ. "ಹೂಂ. ಇನ್ನೇನಾದ್ರೂ ಇದೆಯಾ, ಅಮ್ಮ?"

ಪುಟ್ಟಿಯನ್ನು ಎತ್ತಿಕೊಂಡು ಬಂದುಬಿಟ್ಟೆ.

ಸಂಜೆ ದೊಡ್ಡಮ್ಮ ಎಂದಿನಂತೆ ಬಂದು ಪಾತ್ರೆಗೆ ಕೈ ಹಾಕಿದಳು. ನಾನು ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ಮೂಗಿನ ಹೆಂಗಸು ಬಂದಳು. ಹಾಳು ಎಂದವಳು ಬಂದಳು. ಆಮೇಲೆ ಇನ್ನೊಬ್ಬಳು ಬಂದಳು. ಎಳೆಯ ದನಿ, ದಣಿದದ್ದು, ಕೊನೆಯಲ್ಲಿ ಸ್ವಲ್ಪ ಒಡೆಯುವಂಥದ್ದು. "ನೀನಂತೂ ಬೇಡ." ಅದು ನನ್ನ ದನಿ.

ಮರುದಿನ ಬೆಳಿಗ್ಗೆ ಮಗುವನ್ನು ನೋಡಿಕೊಳ್ಳಲು ಯಾರೂ ಸಿಕ್ಕಿರಲಿಲ್ಲ. ರಜೆ ಕೇಳಲೆಂದು ಫೋನು ಹಿಡಿದು ನಿಂತಿದ್ದೆ. ಪುಟ್ಟಿ ಚಮಚ ಹಿಡಿದು ದೊಡ್ಡಮ್ಮನ ಕೋಣೆಯ ಬಾಗಿಲಿಗೆ ಹೋದಳು. ಬಡಿದಳು. ಗಂಟಲು ಕೆರೆದಳು.

"ಬದುಕಿದ್ದೀರಾ?"

ಉತ್ತರ ಬರಲಿಲ್ಲ. ಮಗು ಕಾದಿತು. ಇಷ್ಟು ಹೊತ್ತಿಗೆ ಅವಳು ಎದ್ದಿರಬೇಕಿತ್ತು. ಪುಟ್ಟಿ ಮತ್ತೆ ಬಡಿದಳು.

"ಬದುಕಿದ್ದೀನಿ ಯಜಮಾನ್ರೇ," ಎಂದಿತು ಒಳಗಿನ ದನಿ, "ಬನ್ನಿ."

ಬಾಗಿಲು ತೆರೆಯಿತು. ಕೆಲಸಕ್ಕೆ ಹೊರಟು ನಿಂತಿದ್ದ ದೊಡ್ಡಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ನನ್ನತ್ತ ನೋಡಿದಳು. ಪುಟ್ಟಿಯೂ ನೋಡಿದಳು. ನಾನು ಆಡುವ ಪದಕ್ಕಾಗಿ ಇಬ್ಬರೂ ಕಾದಿದ್ದರು.

ನಾನು ಫೋನು ಕೆಳಗಿಟ್ಟು, ಮಗುವಿನ ಚೀಲ ತಂದು ದೊಡ್ಡಮ್ಮನ ಹೆಗಲಿಗೆ ಹಾಕಿದೆ. ತುಟಿ ಬಿಚ್ಚಲಿಲ್ಲ.